ಮೈಸೂರಿನಲ್ಲಿ ಶೃಂಗಾರ ಕಥೆ ಬರೆಯೋರ ಕೂಟಕ್ಕೆ ಹೋಗಿದ್ದೆ: ಹೋಗೋದಾ ಬೇಡವಾ ಅಂತ ಕೇಳ್ತಿದ್ದವರಿಗೆ

ಒಂಟಿಕೊಪ್ಪಲಿನವಳು

ಹೋಗಿ ಅಂತಲೇ ನಾನು ಹೇಳೋದು. ಕಾರಣ ಇಷ್ಟೇ: ನಮಗೆ ಓದೋರಿದ್ದಾರೆ, ತಿದ್ದೋರಿಲ್ಲ. ರಾತ್ರಿ ಒಂದು ಕಂತು ಹಾಕಿದರೆ ಬೆಳಗಾಗೋದರೊಳಗೆ ಎಷ್ಟೋ ಜನ ಓದಿ ಮುಗಿಸಿರ್ತಾರೆ. ಕೆಳಗೆ ಬರೋ ಮಾತು ಏನು? ‘ಸೂಪರ್’. ‘ಮುಂದಿನ ಭಾಗ ಬೇಗ ಹಾಕಿ’. ಇಲ್ಲವಾ, ಇನ್‌ಬಾಕ್ಸಿಗೇ ಬಂದು ‘ಇದು ಸ್ವಂತ ಅನುಭವಾನಾ?’ ಪತ್ತೇದಾರಿ ಕಥೆ ಬರೆಯೋನಿಗೆ ‘ಕೊಲೆಗಾರ ಯಾರು ಅಂತ ಮೂರನೇ ಪುಟದಲ್ಲೇ ಗೊತ್ತಾಗಿಬಿಡ್ತು ಕಣೋ’ ಅನ್ನೋಕೆ ಒಬ್ಬ ಸ್ನೇಹಿತನಾದರೂ ಸಿಗ್ತಾನೆ. ನಾವು ಯಾರಿಗೆ ತೋರಿಸೋಣ? ಗಂಡನಿಗಾ, ನಾದಿನಿಗಾ?

ಕೂಟ ನಡೆದದ್ದು ಸರಸ್ವತಿಪುರಂ ಕಡೆ ಒಬ್ಬರ ಮನೆಯ ಮಹಡಿಯಲ್ಲಿ. ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ. ಹೋಟೆಲಿನ ಹಾಲ್ ತಗೊಂಡಿದ್ದರೆ ಬಾಗಿಲಲ್ಲಿ ಬೋರ್ಡು ಹಾಕ್ತಾರಲ್ಲ, ಅದರ ಮೇಲೆ ಏನಂತ ಬರೆಸೋದು ಅಂತ ಮನೆಯಲ್ಲೇ ಇಟ್ಟುಕೊಂಡರಂತೆ. ಹತ್ತು ಹನ್ನೆರಡು ಜನ ಇದ್ದೆವು. ಅರ್ಧಕ್ಕಿಂತ ಹೆಚ್ಚು ಹೆಂಗಸರು. ನನಗೇನೂ ಆಶ್ಚರ್ಯ ಆಗಲಿಲ್ಲ, ಅಲ್ಲಿದ್ದ ಗಂಡಸರಿಗೆ ಆಯಿತು. ನಾನು ಬರೆಯೋದು ಗಂಡಸಿನ ಹೆಸರಲ್ಲಿ. ಆ ಹೆಸರಿನ ಚೀಟಿ ಸೆರಗಿಗೆ ಪಿನ್ ಮಾಡಿಕೊಂಡು ಕೂತಾಗ ಪಕ್ಕದವರು ಚೀಟಿ ನೋಡಿ, ನನ್ನ ಮುಖ ನೋಡಿ, ಮತ್ತೆ ಚೀಟಿ ನೋಡಿದರು. ಆಮೇಲೆ ತಮ್ಮ ಚೀಟಿ ತೋರಿಸಿದರು. ಐವತ್ತು ದಾಟಿದ ಗಂಡಸು, ಹೂವಿನ ಹೆಸರು! ಇಬ್ಬರೂ ನಕ್ಕೆವು, ಅಲ್ಲಿಗೆ ಮುಜುಗರ ಮುಗೀತು.

ಫೋನೆಲ್ಲ ಬಾಗಿಲ ಹತ್ತಿರದ ಬೆತ್ತದ ಬುಟ್ಟಿಗೆ. ಫೋಟೊ ಇಲ್ಲ. ಯಾವ ಊರು, ಏನು ಕೆಲಸ, ಮದುವೆ ಆಗಿದೆಯಾ, ಯಾರೂ ಕೇಳೋ ಹಾಗಿಲ್ಲ. ಕಥೆಯೊಳಗಿನ ಎಲ್ಲರಿಗೂ ಹದಿನೆಂಟು ತುಂಬಿರಬೇಕು. ನಿಜವಾದ ವ್ಯಕ್ತಿಯನ್ನ, ಸಿನಿಮಾದವರಾಗಲಿ ಪಕ್ಕದ ಮನೆಯವರಾಗಲಿ, ಪಾತ್ರ ಮಾಡಿ ಬರೆದದ್ದನ್ನ ಓದೋಕೆ ಬಿಡಲ್ಲ. ಕೇಳೋಕೆ ಆಗದಿದ್ದರೆ ಯಾರಾದರೂ ಎದ್ದು ಹೊರಗೆ ಹೋಗಬಹುದು, ಯಾಕೆ ಅಂತ ಪ್ರಶ್ನೆ ಇಲ್ಲ.

ಇದೆಲ್ಲ ಹೇಗೂ ಇರಬೇಕಾದ್ದು. ನನಗೆ ಹಿಡಿಸಿದ್ದು ಓದೋ ಕ್ರಮ. ನಿಮ್ಮ ಕಥೆಯನ್ನ ನೀವು ಓದೋ ಹಾಗಿಲ್ಲ. ಪುಟ ಬೇರೆಯವರ ಕೈಗೆ ಹೋಗುತ್ತೆ, ಅವರು ಓದ್ತಾರೆ, ನೀವು ಬಾಯಿಮುಚ್ಚಿಕೊಂಡು ಕೇಳಬೇಕು. ಒಬ್ಬ ಹುಡುಗ ಬರೆದ ಕಥೆ ಆ ಹೂವಿನ ಹೆಸರಿನವರ ಪಾಲಿಗೆ ಬಂತು. ಅವರು ಅದನ್ನ ರೇಷನ್ ಅಂಗಡಿಯಲ್ಲಿ ಕಾರ್ಡಿನ ಹೆಸರು ಕೂಗಿದ ಹಾಗೆ ಓದಿದರು, ಏರಿಳಿತವೇ ಇಲ್ಲ. ಆಗ ಗೊತ್ತಾಗುತ್ತೆ ನೋಡಿ ಕಥೆಯಲ್ಲಿ ಏನಿದೆ ಏನಿಲ್ಲ ಅಂತ! ಬರೆದವನೇ ಓದಿದ್ದರೆ ದನಿ ನಡುಗಿಸಿ, ನಿಲ್ಲಿಸಿ, ಹೇಗೋ ದಾಟಿಸಿಬಿಡ್ತಿದ್ದ. ಸಪ್ಪಗೆ ಓದಿದಾಗ ‘ಮಾದಕ’, ‘ಕಂಪಿಸುವ’, ‘ಬಿಸಿಯುಸಿರು’ ಎಲ್ಲಾ ಉದುರಿಹೋದವು. ಮುಗಿದ ಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬರು ಕೇಳಿದರು, ‘ಅಲ್ಲಪ್ಪಾ, ಒಂದು ಕೈ ಅವಳ ಜಡೆಯಲ್ಲಿದೆ, ಒಂದು ಸೊಂಟದಲ್ಲಿದೆ, ಹಾಗಾದ್ರೆ ಲೈಟ್ ಆರಿಸಿದ್ದು ಯಾವ ಕೈ?’ ಹುಡುಗನೂ ನಕ್ಕ.

ಇನ್ನೊಂದು ಕಥೆ ವಠಾರದ ಮನೆಯದು. ಹೊಸದಾಗಿ ಮದುವೆಯಾದವರು, ಒಂದೇ ರೂಮು, ಹೊರಗೆ ನಡುಮನೆಯಲ್ಲಿ ಅತ್ತೆ ಮಲಗಿದ್ದಾರೆ. ಬರೆದ ಹೆಂಗಸು ಅತ್ತೆಯನ್ನ ಎರಡನೇ ಸಾಲಿನಲ್ಲೇ ಊರಿಗೆ ಕಳಿಸಿಬಿಟ್ಟಿದ್ದರು. ‘ಅವರನ್ನ ವಾಪಸ್ ಕರೆಸಿ’ ಅಂತ ಎಲ್ಲರೂ ಒಟ್ಟಿಗೇ ಅಂದೆವು. ಅತ್ತೆ ಇದ್ದರೆ ತಾನೇ ಬಳೆ ಬಿಚ್ಚಿಡಬೇಕು, ಫ್ಯಾನು ಜೋರು ಮಾಡಬೇಕು, ಪಿಸುಮಾತು ಆಡಬೇಕು? ಊಟದ ಹೊತ್ತಿಗೆ ಅವರು ಎರಡು ಪುಟ ಹೊಸದಾಗಿ ಬರೆದು ತಂದರು. ಅದರಲ್ಲಿ ಮೈ ವರ್ಣನೆ ಹೆಚ್ಚುಕಡಿಮೆ ಇರಲೇ ಇಲ್ಲ. ಆದರೆ ಓದ್ತಿದ್ದವರೇ ಒಂದು ಕಡೆ ನಿಲ್ಲಿಸಿ ನೀರು ಕುಡಿದರು.

ಪ್ರಶ್ನೆ ಇದ್ದರೆ ಕೇಳಿ.

ಮದ್ದೂರು ವಡೆ

ಅಕ್ಕೋ, ನೀರು ಕುಡುದ್ರು ಅಂದ್ರಲ್ಲ, ಅಲ್ಲಿಗೆ ಕಥೆ ಗೆಲ್ತು ಬುಡಿ.

ನಂದೊಂದು ಮಾತು. ನಮ್ ಕಡೆ ಮದ್ವೇಲಿ ಬೀಗ್ರು ಊಟಕ್ಕೆ ಕೂತಾಗ ಹೆಂಗಸ್ರು ಪದ ಹೇಳೋರು. ನಮ್ಮಜ್ಜಿ ಸುರು ಮಾಡುದ್ರೆ ಬೀಗಿತ್ತಿ ಎಲೆ ಬುಟ್ಟು ಏಳ್ಬೇಕು, ಅಂತಾ ಮಾತು. ಎಲ್ಲಾ ಎರಡರ್ಥ. ಹಿರೀಕ್ರು ಮೀಸೆ ಒಳಗೇ ನಗೋರು, ಯಾರೂ ‘ಛೀ’ ಅನ್ನಾಕಿಲ್ಲ. ನಾಟಿ ಗದ್ದೇಲೂ ಅಷ್ಟೇಯ. ಅದೇ ಅಜ್ಜಿ ನಾನು ಒಂದು ಕಥೆ ಪುಸ್ತಕ ದಿಂಬಿನ ಕೆಳಗೆ ಇಟ್ಕಂಡಿದ್ದು ನೋಡಿ ಪೊರಕೆ ತಗಂಡ್ಳು. ಬಾಯಲ್ಲಿ ಹೇಳಿದ್ರೆ ಪದ, ಅಚ್ಚಾದ್ರೆ ಪಾಪ! ನಿಮ್ ಕೂಟ್ದಲ್ಲಿ ಯಾರಾದ್ರೂ ಅಂತಾ ಪದ ಬಲ್ಲೋರು ಇದ್ರಾ?

ಒಂಟಿಕೊಪ್ಪಲಿನವಳು

ಒಬ್ಬರು ಇದ್ದರು, ಶ್ರೀರಂಗಪಟ್ಟಣದ ಕಡೆಯವರ ಮಾತಿನ ಧಾಟಿ. ಊಟ ಆದ ಮೇಲೆ ಒಂದೆರಡು ಹೇಳಿದರು. ಅಲ್ಲಿ ಓದಿದ ಎಲ್ಲಾ ಕಥೆಗಿಂತ ಚುರುಕಾಗಿದ್ದವು. ಇಲ್ಲಿ ಬರೆಯಲ್ಲ, ಅವರನ್ನ ಕೇಳದೆ ಬರೆಯೋದು ಸರಿಯಲ್ಲ.

ನಿರ್ವಾಹಕ

ಚರ್ಚೆ ಮುಂದುವರಿಯಲಿ. ಕಥೆಯ ತುಣುಕು, ಕೊಂಡಿ, ಆ ಮನೆಯ ವಿಳಾಸ ಯಾರೂ ಹಾಕಬೇಡಿ.

ಅಗ್ರಹಾರದ ಹಳಬ

ನಾನು ಹಳೇ ಕಾಲದವನು, ಬೈದುಕೊಂಡರೂ ಪರವಾಗಿಲ್ಲ. ಬರೆಯೋದು ನಿಮ್ಮಿಷ್ಟ, ಕೂಟ ಮಾಡೋದೂ ನಿಮ್ಮಿಷ್ಟ. ನನ್ನ ತಕರಾರು ಬೇರೆ. ಮೊಮ್ಮಗನ ಫೋನಿನಲ್ಲಿ ಇಂಥ ಕೆಲವು ಕಥೆ ನೋಡಿದೆ. ಹತ್ತರಲ್ಲಿ ಎಂಟರಲ್ಲಿ ಆಕೆ ಬೇಡ ಅನ್ನುತ್ತಾಳೆ, ಆತ ಬಿಡುವುದಿಲ್ಲ, ನಾಲ್ಕು ಸಾಲಿನ ನಂತರ ಆಕೆಗೇ ಇಷ್ಟವಾಗಿಬಿಡುತ್ತದೆ. ಹದಿನೇಳು ಹದಿನೆಂಟರ ಹುಡುಗ ಇದನ್ನೇ ನೂರು ಸಲ ಓದಿದರೆ ಏನು ಕಲಿಯುತ್ತಾನೆ? ಕೈ ಎರಡೋ ಮೂರೋ ಅಂತ ಲೆಕ್ಕ ಹಾಕಿದಿರಿ, ಸಂತೋಷ. ಇದರ ಬಗ್ಗೆ ಅಲ್ಲಿ ಯಾರಾದರೂ ಬಾಯಿ ಬಿಟ್ಟರಾ?

ಒಂಟಿಕೊಪ್ಪಲಿನವಳು

ಬಿಟ್ಟರು ಸರ್. ಮಧ್ಯಾಹ್ನದ ಹೆಚ್ಚಿನ ಹೊತ್ತು ಅದರಲ್ಲೇ ಹೋಯಿತು. ನಿಮ್ಮ ಲೆಕ್ಕ ಬಹಳ ತಪ್ಪಿಲ್ಲ. ಹಾಗೆ ಬರೆಯೋದು ಸುಲಭ. ಅವಳು ತಾನಾಗಿ ಬಯಸಿದಳು ಅಂತ ಬರೆಯಬೇಕಾದರೆ ಅವಳು ಯಾರು, ಇವನಲ್ಲಿ ಏನು ಕಂಡಳು, ಇವತ್ತೇ ಯಾಕೆ, ಇಷ್ಟಕ್ಕೂ ಉತ್ತರ ಬೇಕು. ‘ಬೇಡ ಅಂದಳು, ಅವನು ಬಿಡಲಿಲ್ಲ’ ಅಂದರೆ ಯಾವುದಕ್ಕೂ ಉತ್ತರ ಬೇಕಿಲ್ಲ, ಕಥೆ ಓಡುತ್ತೆ. ಅಲ್ಲಿದ್ದ ಒಬ್ಬಾಕೆ ಹೇಳಿದ್ದು: ‘ಅವಳು ಬೇಡ ಅಂದ ಕಡೆ ಅವನನ್ನ ನಿಲ್ಲಿಸಿ ನೋಡಿ. ನಿಜವಾಗಿ ನಿಲ್ಲಿಸಿ. ಅವನು ಎದ್ದು ಹೋಗಿ ಕಿಟಕಿ ಹತ್ತಿರ ಕೂರಲಿ. ಈಗ ಮುಂದೇನು ಅನ್ನೋದು ಅವಳ ಕೈಲಿದೆ. ಅಲ್ಲಿಂದ ಬರೆಯಿರಿ.’ ಮೂರು ಜನ ಹಾಗೇ ಬರೆದು ನೋಡಿದರು. ಇಬ್ಬರದ್ದು ಮೊದಲಿಗಿಂತ ಚೆನ್ನಾಯಿತು, ಒಬ್ಬರದ್ದು ನಿಂತೇಹೋಯಿತು, ಯಾಕೆಂದರೆ ಅವರ ನಾಯಕಿಗೆ ಅವನು ಬೇಕೇ ಇರಲಿಲ್ಲ! ಅದೂ ಒಂದು ಕಥೆಯೇ ಅಂತ ಯಾರೋ ಅಂದರು.

ಮೊಮ್ಮಗನ ವಿಷಯ ಬೇರೆ. ಅದಕ್ಕೆ ನಾವು ಉತ್ತರ ಕೊಡೋಕಾಗಲ್ಲ, ಮನೆಯಲ್ಲಿ ಯಾರಾದರೂ ಅವನ ಹತ್ತಿರ ಕೂತು ಮಾತಾಡಬೇಕು.

ಹಳಗನ್ನಡ ಮೇಷ್ಟ್ರು

ಹಳಬರೇ, ಹಳೇ ಕಾಲ ಅಂದಿರಿ, ಅದಕ್ಕೇ ಬಂದೆ. ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ರಾಣಿ ಅಮೃತಮತಿ ಮನಸೋಲುವುದು ಅಷ್ಟಾವಂಕನೆಂಬ ಮಾವುತನಿಗೆ. ಅವನು ಕುರೂಪಿ, ಮೈಯೆಲ್ಲ ವಕ್ರ. ರಾತ್ರಿ ಹೊತ್ತು ಅವನು ಹಾಡುವುದನ್ನು ಆಕೆ ಅರಮನೆಯಿಂದ ಕೇಳುತ್ತಾಳೆ, ಅಷ್ಟೇ. ಬರೀ ಕಿವಿಯಿಂದ ಹುಟ್ಟಿದ ಮೋಹ. ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲೂ ಸದ್ದಿರುತ್ತಿರಲಿಲ್ಲ. ಜೈನ ಕವಿ ಅದನ್ನು ಹೊಗಳಲು ಬರೆದದ್ದಲ್ಲ ನಿಜ, ಮನಸ್ಸಿನಲ್ಲಿ ಸಂಕಲ್ಪಿಸಿದರೂ ಹಿಂಸೆಯೇ ಎನ್ನುವ ಕಥೆ ಅದು. ಆದರೂ ಆಕೆಯ ಬಯಕೆಯನ್ನು ಅವನು ಪೊಳ್ಳು ಮಾಡಲಿಲ್ಲ.

ಇನ್ನೊಂದು ಸಂಗತಿ ನಮ್ಮ ಸೀಮೆಯದೇ. ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು ನಂಜನಗೂಡಿನಲ್ಲಿ, 1878ರಲ್ಲಿ. ಬಾಲ್ಯದ ಓದು ಮೈಸೂರಿನಲ್ಲಿ. ತಂಜಾವೂರು ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಬರೆದ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರ ಕಾವ್ಯ ಆಕೆಯ ಕೈಗೆ ಬಂತು. ಆಗ ಸಿಗುತ್ತಿದ್ದ ಮುದ್ರಣದಲ್ಲಿ ಪದ್ಯಗಳನ್ನು ಕತ್ತರಿಸಿದ್ದರು. ಆಕೆ ಪೂರ್ತಿ ಪಾಠ ಹುಡುಕಿ 1910ರಲ್ಲಿ ಅಚ್ಚು ಹಾಕಿಸಿದರು. ಹೆಂಗಸು ಬರೆದದ್ದು ಅನ್ನುವುದೇ ದೊಡ್ಡ ತಕರಾರಾಯಿತು. ಆ ಕಾವ್ಯವನ್ನು ಹೀಗಳೆದಿದ್ದವರು ಸಮಾಜ ಸುಧಾರಕ ವೀರೇಶಲಿಂಗಂ ಪಂತುಲು. ನಾಚಿಕೆ ಎಂಬುದು ಹೆಂಗಸಿಗೆ ಮಾತ್ರವೇ, ಗಂಡಸಿಗೆ ಬೇಡವೇ ಎಂಬುದು ಅವರಿಗೆ ಈಕೆಯ ಪ್ರಶ್ನೆ. 1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ. ಇದೇ ನಾಗರತ್ನಮ್ಮ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದವರು. ಶೃಂಗಾರ ಕಾವ್ಯ ಅಚ್ಚು ಹಾಕಿಸಿದ ಕೈಯೂ ಅದೇ, ಆರಾಧನೆಗೆ ಆಸ್ತಿ ಕೊಟ್ಟ ಕೈಯೂ ಅದೇ.

ಮದ್ದೂರು ವಡೆ

ಮೇಷ್ಟ್ರೇ, ನಮ್ ಕಿಕ್ಕೇರಿ ಕೆ.ಎಸ್.ನ. ಬುಟ್ಬುಟ್ರಲ್ಲ! ಗಂಡ ಹೆಂಡ್ತಿ ಪ್ರೀತೀನ ಇಡೀ ನಾಡು ಹಾಡೋ ಹಂಗೆ ಬರ್ದೋರು.

ಹಳಗನ್ನಡ ಮೇಷ್ಟ್ರು

ಬಿಟ್ಟಿಲ್ಲಪ್ಪ, ನೀನು ಹೇಳಲಿ ಅಂತ ಕಾದಿದ್ದೆ. ‘ಮೈಸೂರ ಮಲ್ಲಿಗೆ’ 1942ರದ್ದು. ಆದರೆ ಅಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಕವಿ ಹೊರಗೇ ಉಳಿಯುತ್ತಾರೆ. ಇವರ ಕೂಟದವರು ಒಳಗೆ ಹೋಗುವವರು. ಎರಡನ್ನೂ ಒಂದೇ ಅಂತ ಹೇಳಿ ಯಾರನ್ನೂ ಸಮಾಧಾನ ಮಾಡುವುದು ಬೇಡ.

ರಿಂಗ್‌ರೋಡ್ ರಾತ್ರಿ

ನಾನೂ ಅವತ್ತು ಅಲ್ಲಿದ್ದೆ. ಒಂಟಿಕೊಪ್ಪಲಿನ ಮೇಡಂ ಬರೆದಷ್ಟು ಚೆಂದ ನನಗೆ ಅನ್ನಿಸಲಿಲ್ಲ. ತಿದ್ದೋದು, ತಿದ್ದೋದು, ಬರೀ ತಿದ್ದೋದೇ. ಇಂಥ ಕಥೆಗೆ ಒಂದು ಹುಚ್ಚು ಇರಬೇಕು. ಲೈಟ್ ಯಾವ ಕೈಯಲ್ಲಿ ಆರಿಸಿದ ಅಂತ ಓದುಗ ಕೇಳೋ ಹೊತ್ತಿಗೆ ಬರೆದವನು ಸೋತ, ಒಪ್ತೀನಿ. ಆದರೆ ಎಲ್ಲಾ ಲೆಕ್ಕ ಸರಿಯಾಗಿ ಬಿಸಿಯೇ ಇಲ್ಲದಿದ್ದರೂ ಸೋತ ಹಾಗೇ. ಅಲ್ಲಿ ಓದಿದ ಕೆಲವು ಕಥೆ ಅಷ್ಟು ನಾಜೂಕಾಗಿದ್ದವು ಅಂದರೆ, ಕೊನೆಗೆ ಇಬ್ಬರೂ ಕಾಫಿ ಕುಡಿದು ಮಲಗಿಬಿಟ್ಟರೇನೋ ಅನ್ನಿಸ್ತು. ಎಲ್ಲರಿಗಿಂತ ಒರಟಾಗಿ ಬರೆದಿದ್ದು ಆ ಲಾರಿ ಡ್ರೈವರ್ ಕಥೆ. ಮುಗಿದ ಮೇಲೆ ಯಾರೂ ಏನೂ ತಿದ್ದಲಿಲ್ಲ, ಗಮನಿಸಿದಿರಾ?

ಇನ್ನೊಂದು ಮಾತನ್ನೂ ಹೇಳಬೇಕು, ಮೇಡಂ ಬರೆದಿಲ್ಲ. ಹೋಗೋರಿಗೆ ಗೊತ್ತಿರಲಿ. ಒಬ್ಬ ಆಸಾಮಿ ಬರೆಯೋಕೆ ಬಂದಿರಲಿಲ್ಲ. ಟೀ ಹೊತ್ತಿನಲ್ಲಿ ಹೆಂಗಸರ ಹತ್ತಿರ ಹೋಗಿ ನಂಬರ್ ಕೇಳ್ತಿದ್ದ. ‘ಇಂಥದ್ದು ಬರೆಯೋರು ಇಷ್ಟಕ್ಕೆಲ್ಲ ಬೇಜಾರು ಮಾಡ್ಕೋತೀರಾ’ ಅಂತ ನಗೆ ಬೇರೆ.

ಒಂಟಿಕೊಪ್ಪಲಿನವಳು

ಲಾರಿ ಕಥೆ ಒಪ್ಪಿದೆ. ಅದರಲ್ಲಿ ಒಂದು ಪದ ತೆಗೆಯೋ ಹಾಗಿರಲಿಲ್ಲ. ಆದರೆ ಅದು ತಾನಾಗಿ ಹಾಗೆ ಬಂದದ್ದಲ್ಲ, ಆರು ಸಲ ಬರೆದೆ ಅಂತ ಅವರೇ ಅಂದರು.

ಆ ಮನುಷ್ಯನ ವಿಷಯ: ಮನೆಯವರಿಗೆ ತಿಳಿದ ತಕ್ಷಣ ಅವನ ಫೋನು ಬುಟ್ಟಿಯಿಂದ ತೆಗೆದು ಕೈಗೆ ಕೊಟ್ಟು ಕಳಿಸಿದರು. ಗಲಾಟೆ ಮಾಡದೆ ಹೋದ. ಈಗ ಹೊಸಬರು ಬರಬೇಕಾದರೆ ಮೊದಲು ತಮ್ಮದೊಂದು ಕಥೆ ಕಳಿಸಬೇಕು, ಈಗಾಗಲೇ ಬರ್ತಿರೋ ಇಬ್ಬರು ಹೂಂ ಅನ್ನಬೇಕು. ಬರೆಯೋ ಹೆಂಗಸರು ಯಾಕೆ ಗಂಡಸರ ಹೆಸರಿಡ್ತೀವಿ ಅಂತ ಕೇಳ್ತಾರಲ್ಲ, ಅವನು ಕೇಳಿದ ಪ್ರಶ್ನೆಯೇ ಕಾರಣ.

ನೀಲಿಶಾಯಿ

ಅಕ್ಕಾ, ನಾನು ಎರಡು ವರ್ಷದಿಂದ ಧಾರಾವಾಹಿ ಥರ ಬರೀತಿದೀನಿ, ಮನೇಲಿ ಯಾರಿಗೂ ಗೊತ್ತಿಲ್ಲ. ಕೂಟಕ್ಕಿಂತ ನನಗೆ ಫೋನೇ ಭಯ. ಮೊನ್ನೆ ಫ್ಯಾಮಿಲಿ ಗ್ರೂಪಲ್ಲಿ ‘ಅತ್ತೆಗೆ ಹುಷಾರಿಲ್ಲ’ ಅಂತ ಟೈಪ್ ಮಾಡ್ತಿದ್ರೆ ಕೀಬೋರ್ಡು ಮುಂದಿನ ಪದ ಅಂತ ನನ್ನ ಕಥೆಯ ಪದ ತೋರಿಸ್ತು. ಕೈ ತಪ್ಪಿ ಒತ್ತಿದ್ದರೆ ಅವತ್ತೇ ನನ್ನ ಕಥೆ ಮುಗೀತಿತ್ತು 😭

ಇನ್ನೊಂದು, ಇಂಥ ಕಡೆ ಪೊಲೀಸು ಗಿಲೀಸು ಅಂತ ಏನಾದ್ರೂ ಆಗುತ್ತಾ?

ಒಂಟಿಕೊಪ್ಪಲಿನವಳು

ಕೀಬೋರ್ಡಿನ ಸೆಟ್ಟಿಂಗಿನಲ್ಲಿ ಕಲಿತ ಪದಗಳನ್ನ ಅಳಿಸೋ ಆಯ್ಕೆ ಇರುತ್ತೆ ಪುಟ್ಟಾ, ಈಗಲೇ ಅಳಿಸು. ಬರೆಯೋಕೆ ಬೇರೆ ಕೀಬೋರ್ಡ್ ಆ್ಯಪ್ ಇಟ್ಟುಕೋ. ನಮ್ಮಲ್ಲಿ ಇಬ್ಬರು ಇನ್ನೂ ನೋಟ್‌ಬುಕ್ಕಿನಲ್ಲೇ ಬರೀತಾರೆ, ಅಡುಗೆ ಪುಸ್ತಕದ ರಟ್ಟು ಹಾಕಿಕೊಂಡು. ಕಾನೂನಿಗೆ ನಮ್ಮ ವಕೀಲರು ಬರಲಿ.

ಚಾಮರಾಜಪುರಂ ವಕೀಲ

ಬಂದೆ. ಇದು ಸಾಮಾನ್ಯ ತಿಳಿವಳಿಕೆಗೆ ಮಾತ್ರ, ನಿಮ್ಮ ನಿಮ್ಮ ಪ್ರಕರಣಕ್ಕೆ ಕಾಗದ ನೋಡದೆ ಏನೂ ಹೇಳಲಾಗದು.

ಹಳೆಯ ಐಪಿಸಿ 292ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294 ಆಗಿದೆ. ಅಶ್ಲೀಲ ಪುಸ್ತಕ ಮಾರುವುದು, ಹಂಚುವುದು ಅದರಲ್ಲಿ ಬರುತ್ತದೆ, ಎಲೆಕ್ಟ್ರಾನಿಕ್ ರೂಪವನ್ನೂ ಈಗ ಸೇರಿಸಿದ್ದಾರೆ. ಮೊದಲ ಸಲ ಶಿಕ್ಷೆಯಾದರೆ ಎರಡು ವರ್ಷದವರೆಗೆ ಸಜೆ, 5,000 ರೂಪಾಯಿವರೆಗೆ ದಂಡ. ಇಂಟರ್‌ನೆಟ್ಟಿನಲ್ಲಿ ಹಾಕುವವರಿಗೆ ಅದಕ್ಕಿಂತ ಬಿಗಿಯಾದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು: ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ. ಸಾಹಿತ್ಯ, ಕಲೆ, ವಿಜ್ಞಾನದ ಹಿತಕ್ಕಾಗಿ ಎಂದು ಸಾಬೀತಾದರೆ ವಿನಾಯಿತಿ ಇದೆ. ಆದರೆ ‘ಸಾಬೀತು’ ಎಂದರೆ ಕೋರ್ಟು ಮೆಟ್ಟಿಲು ಹತ್ತಿದ ಮೇಲೆ ಎಂದರ್ಥ. ಅಪ್ರಾಪ್ತರನ್ನು ಲೈಂಗಿಕವಾಗಿ ಚಿತ್ರಿಸಿದರೆ 67ಬಿ, ಅದರಲ್ಲಿ ಬರೆಹವೂ ಸೇರುತ್ತದೆ. ಹದಿನೆಂಟರ ನಿಯಮವನ್ನು ನಿಮ್ಮ ಕೂಟದವರು ಮಾಡಿದ್ದು ಸರಿ, ಅದನ್ನು ಯಾರೂ ಸಡಿಲ ಮಾಡಬೇಡಿ.

ಯಾವುದು ಅಶ್ಲೀಲ? 1964ರಲ್ಲಿ ರಂಜಿತ್ ಉದೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೆಹ ಓದುವವರ ಮನಸ್ಸು ಕೆಡಿಸಬಲ್ಲದೇ ಎಂದು ನೋಡುವ ಹಳೆಯ ಇಂಗ್ಲಿಷ್ ಮಾನದಂಡ ಹಿಡಿದು ಪುಸ್ತಕ ಮಾರಿದವನ ಶಿಕ್ಷೆ ಎತ್ತಿಹಿಡಿಯಿತು. 2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಆ ಮಾನದಂಡವನ್ನು ಕೈಬಿಟ್ಟು, ಕೃತಿಯನ್ನು ಇಡಿಯಾಗಿ ನೋಡಬೇಕು, ಇಂದಿನ ಸಮಾಜದ ಅಳತೆಯಿಂದ ನೋಡಬೇಕು ಎಂದಿತು. 2024ರಲ್ಲಿ ಒಂದು ವೆಬ್ ಸರಣಿಯ ಪ್ರಕರಣದಲ್ಲಿ, ಬೈಗುಳ, ಒರಟು ಮಾತು ಇದ್ದ ಮಾತ್ರಕ್ಕೆ ಅಶ್ಲೀಲವಾಗುವುದಿಲ್ಲ ಎಂದಿತು. ಗಾಳಿ ಒಂದು ದಿಕ್ಕಿಗೆ ಬೀಸುತ್ತಿದೆ, ಆದರೆ ದೂರು ಕೊಡುವವನು ತೀರ್ಪು ಓದಿಕೊಂಡು ಬರುವುದಿಲ್ಲ.

ಮನೆಯೊಳಗೆ, ಕರೆದವರು ಮಾತ್ರ, ಎಲ್ಲರೂ ವಯಸ್ಕರು. ಹೀಗಿದ್ದಾಗ ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಮಾತು, ಹಾಡು ಎಂಬ ನ್ಯಾಯ ಸಂಹಿತೆಯ 296ನೇ ಕಲಮಿಗೆ ಆಧಾರ ಸಿಗುವುದು ಕಷ್ಟ. ಪಾರ್ಕಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಓದಲು ಹೋಗಬೇಡಿ.

ಕಾವ್ಯನಾಮ ನಿಮ್ಮನ್ನು ಮುಚ್ಚುವುದು ನೆಂಟರಿಂದ, ಕಾನೂನಿನಿಂದಲ್ಲ. ಕ್ರಮಬದ್ಧ ಆದೇಶ ಬಂದರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಜಾಲತಾಣದವರು ತಮ್ಮಲ್ಲಿರುವ ಮಾಹಿತಿ ಕೊಡಬೇಕು.

ಅಗ್ರಹಾರದ ಹಳಬ

ವಕೀಲರೇ, ಇಷ್ಟೆಲ್ಲ ಇದ್ದೂ ಬರೆಯುತ್ತಾರಲ್ಲ!

ರಿಂಗ್‌ರೋಡ್ ರಾತ್ರಿ

ಬರೀತಾರೆ ಸರ್. ನಿಮ್ಮ ಮೊಮ್ಮಗನೂ ಓದ್ತಾನೆ. ಅವನ ಕೈಗೆ ಕೆಟ್ಟದ್ದರ ಬದಲು ಅವಳು ಬೇಡ ಅಂದಾಗ ನಿಲ್ಲೋ ಕಥೆ ಸಿಗಲಿ ಅಂತ ನೀವೇ ಹೇಳ್ತಿದೀರಲ್ಲ.

ಅಗ್ರಹಾರದ ಹಳಬ

ಅವನಿಗೆ ಯಾವುದೂ ಸಿಗದಿರಲಿ ಅಂತ ಹೇಳಿದ್ದು ನಾನು. ಆದರೂ ಕಿಟಕಿ ಹತ್ತಿರ ಕೂರುವ ಮಾತು ಚೆನ್ನಾಗಿತ್ತು, ಇಲ್ಲ ಅನ್ನಲಾರೆ.

ನೀಲಿಶಾಯಿ

ವಕೀಲ್ ಸರ್, ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ. ನನ್ನ ಧಾರಾವಾಹೀನ ಯಾರೋ ಒಂದು ಯೂಟ್ಯೂಬ್ ಚಾನೆಲ್ಲಲ್ಲಿ ಪೂರ್ತಿ ಓದಿ ಹಾಕಿದಾರೆ. ಹೆಸರೂ ಇಲ್ಲ, ಕೇಳಲೂ ಇಲ್ಲ, ಜಾಹೀರಾತಿನ ದುಡ್ಡು ಅವರಿಗೆ. ಕಾವ್ಯನಾಮದಲ್ಲಿ ಬರೆದದ್ದಕ್ಕೆ ಹಕ್ಕು ಇರುತ್ತಾ?

ಮದ್ದೂರು ವಡೆ

ಅಯ್ಯೋ ಕಳ್ನನ್ಮಕ್ಳಾ.

ಚಾಮರಾಜಪುರಂ ವಕೀಲ

ಇರುತ್ತದೆ ಅಮ್ಮ. 1957ರ ಕೃತಿಸ್ವಾಮ್ಯ ಕಾಯ್ದೆಯ 23ನೇ ಕಲಮು ಕಾವ್ಯನಾಮದ ಬರೆಹಕ್ಕೇ ಇರುವುದು. ಪ್ರಕಟವಾದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಆ ಅವಧಿಯೊಳಗೆ ಬರೆದವರು ಯಾರೆಂದು ಬಹಿರಂಗವಾದರೆ, ಜೀವಿತಕಾಲ ಮತ್ತು ನಂತರದ 60 ವರ್ಷ. ನೋಂದಣಿ ಕಡ್ಡಾಯವಲ್ಲ. ಓದಿ ಧ್ವನಿ ಮಾಡಿ ಹಾಕಲೂ ನಿಮ್ಮ ಅನುಮತಿ ಬೇಕು.

ತೊಡಕು ಇರುವುದು ಬೇರೆ ಕಡೆ. ತೆಗೆಸಲು ದೂರು ಕೊಡುವ ಫಾರ್ಮಿನಲ್ಲಿ ನಿಜವಾದ ಹೆಸರು ಕೇಳುತ್ತಾರೆ, ಅದು ಎದುರು ಪಕ್ಷದವರಿಗೂ ತಿಳಿಯಬಹುದು.

ನೀಲಿಶಾಯಿ

ಅಂದ್ರೆ ಕದ್ದವನಿಗೆ ನನ್ನ ಹೆಸರು ಗೊತ್ತಾಗಬೇಕು, ನನಗೆ ಮಾತ್ರ ಅವನು ಯಾರು ಅಂತ ಗೊತ್ತಾಗಲ್ಲ. ಬೇಡ ಬಿಡಿ ಸರ್.

ಒಂಟಿಕೊಪ್ಪಲಿನವಳು

ಬಿಡಬೇಡ. ನಮ್ಮಲ್ಲಿ ಇನ್ನೂ ಇಬ್ಬರದ್ದು ಅದೇ ಚಾನೆಲ್ಲಿನಲ್ಲಿದೆ ಅಂತ ಕೇಳಿದೆ. ವಕೀಲ್ರೇ, ಮೂರು ಜನರ ಪರವಾಗಿ ನೀವೇ ಕಳಿಸೋಕೆ ಬರಲ್ವಾ?

ಚಾಮರಾಜಪುರಂ ವಕೀಲ

ಬರುತ್ತದೆ. ಹಕ್ಕುದಾರರ ಅಧಿಕೃತ ಪ್ರತಿನಿಧಿಯಾಗಿ ನನ್ನ ಹೆಸರಿನಲ್ಲಿ ಕಳಿಸಬಹುದು. ಅವರು ತಕರಾರು ತೆಗೆದು ಕೋರ್ಟಿಗೆ ಹೋದರೆ ಆಗ ನಿಮ್ಮ ಹೆಸರು ಬರುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕದ್ದವರಲ್ಲಿ ಅಷ್ಟು ದೂರ ಹೋಗುವವರು ಕಡಿಮೆ.

ಮುಂದಿನ ಕೂಟಕ್ಕೆ ಬರುವುದಾದರೆ ಇಷ್ಟು ತನ್ನಿ: ಮೊದಲ ಕರಡು ಇರುವ ಇಮೇಲಿನ ಪ್ರಿಂಟು, ತಾರೀಖು ಕಾಣಬೇಕು. ನಿಮ್ಮ ಕಂತುಗಳು ಪ್ರಕಟವಾದ ದಿನದ ಸ್ಕ್ರೀನ್‌ಶಾಟ್. ಆ ವಿಡಿಯೊಗಳ ಪಟ್ಟಿ, ಹಾಕಿದ ದಿನಾಂಕದೊಂದಿಗೆ. ನೋಟ್‌ಬುಕ್ಕಿನಲ್ಲಿ ಬರೆದಿದ್ದರೆ ಅದನ್ನೂ, ಹರಿದ ಹಾಳೆ ಇದ್ದರೂ ಎಸೆಯಬೇಡಿ.

ನೀಲಿಶಾಯಿ

ಇಮೇಲ್ ಇದೆ ಸರ್. ಆದರೆ ಪ್ರಿಂಟು ಎಲ್ಲಿ ತೆಗೆಸಲಿ? ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರು ನಮ್ಮ ಮಾವನ ಸ್ನೇಹಿತರು.

ಒಂಟಿಕೊಪ್ಪಲಿನವಳು

ಪೆನ್‌ಡ್ರೈವಲ್ಲಿ ತಾ. ಆ ಮನೆಯಲ್ಲಿ ಪ್ರಿಂಟರ್ ಇದೆ.